ಗುಟ್ಟಿನ ಮದ್ದು ಬೇಡ, ಸರ್ಜನ್‌ಗೆ ಒಮ್ಮೆ ತೋರಿಸಿ

2019ರ ಆಗಸ್ಟ್‌ನಲ್ಲಿ ಮೈಸೂರಿನ ನಾಟಿ ವೈದ್ಯರೊಬ್ಬರು ರೋಗಿಯನ್ನು ನೋಡಲು ಬನ್ನಿ ಎಂಬ ಮಾತು ನಂಬಿ ಮನೆ ಬಿಟ್ಟವರು ಮರಳಲಿಲ್ಲ. ಮೂಲವ್ಯಾಧಿಗೆ ಅವರು ಕೊಡುತ್ತಿದ್ದ ಮದ್ದಿನ ಗುಟ್ಟು ಬಾಯಿ ಬಿಡಿಸಲೆಂದು, ಕರೆದೊಯ್ದವರು ಅವರನ್ನು ಕೇರಳದ ನಿಲಂಬೂರಿನ ಮನೆಯೊಂದರಲ್ಲಿ ವರ್ಷಕ್ಕೂ ಮಿಕ್ಕಿ ಕೂಡಿಹಾಕಿ, ಹಿಂಸಿಸಿ, 2020ರಲ್ಲಿ ಕೊಂದರು. ಸುದ್ದಿ ಹೊರಬಿದ್ದದ್ದು 2022ರಲ್ಲಿ. 2025ರಲ್ಲಿ ಮಂಜೇರಿಯ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು.

ಒಂದು ಮದ್ದಿಗೆ ಅಷ್ಟು ಬೆಲೆ ಬಂದದ್ದು ಹೇಗೆ? ಯಾರಿಗೂ ತೋರಿಸದೆ, ಯಾರಿಗೂ ಹೇಳದೆ ವಾಸಿಯಾಗಬೇಕು ಎನ್ನುವ ರೋಗಿಗಳು ಊರೂರಲ್ಲಿ ಇರುವುದರಿಂದ. ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ‘ಪೈಲ್ಸ್, ಫಿಶರ್, ಫಿಸ್ತುಲ: ಆಪರೇಷನ್ ಇಲ್ಲದೆ ಗ್ಯಾರಂಟಿ’ ಎಂಬ ಪೋಸ್ಟರುಗಳು ಬದುಕಿರುವುದೂ ಈ ನಾಚಿಕೆಯ ಮೇಲೆಯೇ. ಇಂಥ ಕೆಲವು ಕಡೆ, ತರಬೇತಿಯೇ ಇಲ್ಲದವರು ಚುಚ್ಚುವ ಸುಡುಮದ್ದಿನಿಂದ ಗುದದ್ವಾರ ಹುಣ್ಣಾಗಿ, ಕೊಳೆತು, ಕೊನೆಗೆ ಕಿರಿದಾಗಿ ಮಲ ಹೋಗುವುದೇ ಕಷ್ಟವಾದವರು ಆಸ್ಪತ್ರೆ ಸೇರುತ್ತಾರೆ. ಮೊದಲೇ ಬಂದಿದ್ದರೆ ಅವರಲ್ಲಿ ಎಷ್ಟೋ ಮಂದಿಗೆ ಆಪರೇಷನ್ನೇ ಬೇಕಿರಲಿಲ್ಲ.

ಮೂಲವ್ಯಾಧಿಯಲ್ಲಿ ಊದಿಕೊಳ್ಳುವ ರಕ್ತನಾಳದ ಮೆತ್ತೆಗಳು ಎಲ್ಲರಲ್ಲೂ ಹುಟ್ಟಿನಿಂದಲೇ ಇರುತ್ತವೆ. ಮಲಬದ್ಧತೆ, ತಿಣುಕುವುದು, ಮೊಬೈಲ್ ಹಿಡಿದು ಕಮೋಡಿನ ಮೇಲೆ ಅರ್ಧ ಗಂಟೆ ಕೂರುವುದು, ಬಸುರು, ಇವುಗಳಿಂದ ಅವು ಉಬ್ಬಿ ಕೆಳಕ್ಕೆ ಜಾರುತ್ತವೆ. ಶೌಚಾಲಯ ಸರಿಯಿಲ್ಲದ ಕಡೆ ದುಡಿಯುವ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಲಬದ್ಧತೆಗೆ ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ಬಾಣಂತನ ಮುಗಿದರೂ ಮಲದ ಜೊತೆ ರಕ್ತ ಹೋಗುವುದು ನಿಲ್ಲದ ಸೊಸೆ ಅದನ್ನು ಅತ್ತೆಗೆ ಹೇಳುವುದಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ.

ರಕ್ತ ಕಂಡ ಕೂಡಲೇ ನಮ್ಮವರು ಹೇಳುವ ಮಾತು ಒಂದೇ: ‘ಉಷ್ಣ ಆಗಿದೆ.’ ಎಳನೀರು, ಮಜ್ಜಿಗೆ, ಮೂಲಂಗಿ, ಸುವರ್ಣಗೆಡ್ಡೆ, ಮುಟ್ಟಿದರೆ ಮುನಿಯ ರಸ. ನೀರು, ನಾರು ಹೊಟ್ಟೆಗೆ ಹೋದರೆ ಒಳ್ಳೆಯದೇ, ಅದಕ್ಕೆ ತಕರಾರಿಲ್ಲ. ಅದೇ ನೆಪದಲ್ಲಿ ವರ್ಷ ಉರುಳುವುದು ತಪ್ಪು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಆದರೂ ತಿಂಗಳುಗಟ್ಟಲೆ ರಕ್ತ ಹೋದರೆ ಹಿಮೋಗ್ಲೋಬಿನ್ ಕುಸಿಯಬಹುದು. ಆಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಗುದನಾಳದ ಕ್ಯಾನ್ಸರಿನಲ್ಲೂ ರಕ್ತ ಹೀಗೆಯೇ ಹೋಗುತ್ತದೆ. ನಮ್ಮ ದೇಶದಲ್ಲಿ ನಲವತ್ತು ದಾಟದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಪೈಲ್ಸ್ ಎಂದು ತಾವೇ ತೀರ್ಮಾನಿಸಿ ಮುಲಾಮು ಹಚ್ಚಿಕೊಂಡು ಕೂತವರಲ್ಲಿ ಕೆಲವರಿಗೆ ನಿಜವಾದ ಕಾಯಿಲೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಕೆಳಭಾಗದ ಗಡ್ಡೆಯಾದರೆ ಅದು ಬಹಳ ಸಲ ವೈದ್ಯರ ಬೆರಳಿಗೇ ಸಿಗುತ್ತದೆ ಎಂಬುದು ಇಲ್ಲಿ ನೋವಿನ ಸಂಗತಿ.

ನೋಡದೆ ಮದ್ದು ಕೊಡುವುದು ನಮ್ಮ ಪರಂಪರೆಯೂ ಅಲ್ಲ. ಸುಶ್ರುತ ಸಂಹಿತೆ ಅರ್ಶಸ್ಸಿಗೆ, ಅಂದರೆ ಮೂಲವ್ಯಾಧಿಗೆ, ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ಬಗೆಯ ಚಿಕಿತ್ಸೆ ಹೇಳುತ್ತದೆ. ಒಳಗೆ ನೋಡುವುದಕ್ಕೆಂದೇ ಹಸುವಿನ ಮೊಲೆಯಾಕಾರದ, ನಾಲ್ಕು ಅಂಗುಲ ಉದ್ದದ ಯಂತ್ರವನ್ನು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಅಳತೆಯಲ್ಲಿ, ವರ್ಣಿಸುತ್ತದೆ. ಇಂದಿನ ಪ್ರಾಕ್ಟೋಸ್ಕೋಪಿನ ಹಿರಿಯಜ್ಜ ಅದು.

ಇಂದು ಆಸ್ಪತ್ರೆಯಲ್ಲಿ ನಡೆಯುವುದಿಷ್ಟು. ಪರದೆಯ ಹಿಂದೆ ಎಡಮಗ್ಗುಲಾಗಿ, ಮಂಡಿ ಮಡಚಿ ಮಲಗಬೇಕು. ಗ್ಲೌಸ್ ತೊಟ್ಟು, ಜೆಲ್ ಹಚ್ಚಿ ವೈದ್ಯರು ಬೆರಳಿನಿಂದ ಪರೀಕ್ಷಿಸುತ್ತಾರೆ, ಆಮೇಲೆ ಪ್ರಾಕ್ಟೋಸ್ಕೋಪ್. ಕೆಲವೇ ನಿಮಿಷ. ಮಹಿಳೆಯರು ಮಹಿಳಾ ವೈದ್ಯರನ್ನು ಕೇಳಬಹುದು, ನರ್ಸ್ ಜೊತೆಗಿರಲಿ ಎನ್ನಬಹುದು. ಮೂಲವ್ಯಾಧಿಗೆ ನಾಲ್ಕು ಹಂತ. ಮೊದಲೆರಡು ಹಂತದಲ್ಲಿ ಸೊಪ್ಪು, ಕಾಳು, ರಾಗಿ, ಇಸಬ್‌ಗೋಲ್, ಸಾಕಷ್ಟು ನೀರು, ತಿಣುಕದೆ ಎದ್ದುಬಿಡುವ ಅಭ್ಯಾಸ, ಇವೇ ಹೆಚ್ಚಿನ ಕೆಲಸ ಮಾಡುತ್ತವೆ. ಆದರೂ ರಕ್ತ ನಿಲ್ಲದಿದ್ದರೆ ಮೊಳಕೆಯ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ; ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ, ಅಂದೇ ಮನೆಗೆ ಹೋಗಬಹುದು, ಸುಮಾರು ವಾರದಲ್ಲಿ ಅದು ತಾನೇ ಒಣಗಿ ಉದುರುತ್ತದೆ. ಆಪರೇಷನ್ ಬೇಕಾಗುವುದು ಮುಖ್ಯವಾಗಿ ಹೊರಬಂದದ್ದು ಒಳಹೋಗದವರಿಗೆ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ರಕ್ತ ಕಂಡಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸರ್ಜರಿ ಒಪಿಡಿಗೆ ಈ ವಾರವೇ ಹೋಗಿ. ಖಾಸಗಿ ಕ್ಲಿನಿಕ್ಕಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯೇ ನೋಡಿ. ತೂಕ ಇಳಿಯುತ್ತಿದ್ದರೆ, ಮಲ ಹೋಗುವ ರೀತಿ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಬಿಡದೆ ಹೇಳಿ. ಮನೆಯ ಹಿರಿಯರು, ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾರರು. ನೀವೇ ಕೇಳಿ, ಜೊತೆಗೆ ಹೋಗಿ. ರಕ್ತ ಧಾರೆಯಾಗಿ ಹೋಗಿ ತಲೆ ಸುತ್ತಿದರೆ ಒಪಿಡಿಯ ಹೊತ್ತಿಗೆ ಕಾಯಬೇಡಿ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.