ಪೆಟ್ರೋಲ್ ಪಂಪಿನ ಗಾಜಿನ ಕಿರೀಟ

ಕತ್ತಲಲ್ಲಿ ದೂರದಿಂದ ಬರುವ ಕಾರಿನವನಿಗೆ ಪೆಟ್ರೋಲ್ ಎಲ್ಲಿ ಸಿಗುತ್ತದೆಂದು ತಿಳಿಸುವುದು ಹೇಗೆ? ಅಮೆರಿಕದ ಎಣ್ಣೆ ಕಂಪೆನಿಗಳು 1910ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದವು. ಪಂಪಿನ ನೆತ್ತಿಯ ಮೇಲೆ ಹಾಲುಬಿಳುಪಿನ ಗಾಜಿನ ಬುರುಡೆಯನ್ನು ಕೂರಿಸಿ, ಒಳಗೆ ವಿದ್ಯುತ್ ದೀಪ ಉರಿಸಿದವು. ಶೆಲ್ ಕಂಪೆನಿಯದು ಚಿಪ್ಪಿನ ಆಕಾರ, ಸ್ಟ್ಯಾಂಡರ್ಡ್ ಆಯಿಲ್‌ನದು ಕಿರೀಟದ ಆಕಾರ.

ಮೊದಮೊದಲು ಇಡೀ ಬುರುಡೆ ಒಂದೇ ಗಾಜಿನದಾಗಿತ್ತು. ಆಮೇಲೆ ಲೋಹದ ಅಥವಾ ಗಾಜಿನ ಚೌಕಟ್ಟಿನ ಎರಡೂ ಬದಿಗೆ, ಹೆಸರು ಬರೆದ ದುಂಡು ಗಾಜಿನ ಬಿಲ್ಲೆಗಳನ್ನು ಕೂರಿಸುವ ಕ್ರಮ ಬಂತು. ಪಂಪುಗಳ ರೂಪ ಬದಲಾದಂತೆ ಬುರುಡೆಗಳು ಮೂಲೆ ಸೇರಿದವು. ಇಂದು ಅವು ಸಂಗ್ರಹಕಾರರ ಕಣ್ಮಣಿ. ಮಾರಾಟವಾದಾಗ ಊರಿಂದೂರಿಗೆ ಪಾರ್ಸೆಲ್ ಆಗಿ ಹೋಗುತ್ತವೆ. ಅಪಾಯವಿರುವುದೂ ಅಲ್ಲಿಯೇ.

'ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು' ಎಂಬ ಗಾದೆ ಗಾಜಿಗೂ ಸಲ್ಲುತ್ತದೆ. ಒಡೆದ ಜಾಗವನ್ನಷ್ಟೇ ಕಾಯಿಸಿ ಬೆಸೆಯೋಣವೆಂದರೆ, ಕಾದ ಭಾಗ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಭಾಗ ಹಿಗ್ಗುವುದಿಲ್ಲ. ಆ ಎಳೆದಾಟದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಆದ್ದರಿಂದ ಉಳಿದ ದಾರಿ ಅಂಟು ಮಾತ್ರ. ಎಪಾಕ್ಸಿ ಗಟ್ಟಿಯಾದ ಅಂಟು, ಆದರೆ ವರ್ಷಗಳು ಕಳೆದಂತೆ ಹಳದಿಯಾಗಬಹುದು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಅಸಿಟೋನಿನಲ್ಲಿ ಕರಗುತ್ತದೆ. ಜೋಡಣೆ ತಪ್ಪಿದರೆ ಬಿಚ್ಚಿ ಮತ್ತೆ ಮಾಡಬಹುದು. ಬುರುಡೆಯನ್ನು ತೊಳೆಯುವಾಗಲೂ ಎಚ್ಚರ ಬೇಕು. ಅಮೋನಿಯಾ ಬೆರೆತ ದ್ರಾವಣ ಹಳೆಯ ಬಣ್ಣವನ್ನು ಎಬ್ಬಿಸಿಬಿಡಬಹುದು.

ಅಂಟಿಸಿದ ಗಾಜು ನೋಡಲು ಇಡಿಯಾಗಿದ್ದರೂ ಮೊದಲಿನ ಗಾಜಲ್ಲ. ಹೊರಗಿನ ಬಲವೆಲ್ಲ ಬಿರುಕಿನ ಚೂಪು ತುದಿಯಲ್ಲಿ ಒಟ್ಟುಗೂಡುತ್ತದೆ. ಗಾಜು ಸುಲಭವಾಗಿ ಒಡೆಯುವುದೇಕೆ ಎಂಬುದನ್ನು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ಹೀಗೆ ವಿವರಿಸಿದರು. ಆದ್ದರಿಂದ ಬಣ್ಣ ಬಳಿದು ಬಿರುಕನ್ನು ಮುಚ್ಚಿ ಮಾರುವುದು ಮೋಸ ಮಾತ್ರವಲ್ಲ, ವಸ್ತುವಿಗೂ ಕೇಡು. ಬಿರುಕಿದೆಯೆಂದು ಗೊತ್ತಿಲ್ಲದ ಕೊಂಡವರು ಅದನ್ನು ಹಿಡಿಯಬಾರದ ಕಡೆ ಹಿಡಿಯುತ್ತಾರೆ. ನೇರಳಾತೀತ ದೀಪ ಹಿಡಿದರೆ ಹೊಸ ಅಂಟು, ಬಣ್ಣಗಳು ಅನೇಕ ಸಲ ಬೇರೆಯಾಗಿ ಹೊಳೆದು ಗುಟ್ಟು ಬಿಟ್ಟುಕೊಡುತ್ತವೆ.

ಇನ್ನು ಪಾರ್ಸೆಲ್. ಬಿಲ್ಲೆಗಳನ್ನು ಚೌಕಟ್ಟಿನಿಂದ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಸುತ್ತಬೇಕು. ಗಾಜಿಗೆ ಗಾಜಾಗಲಿ, ಲೋಹವಾಗಲಿ ತಾಗಕೂಡದು. ಸುತ್ತಿದ್ದನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡದೊಂದರಲ್ಲಿಟ್ಟು, ನಡುವೆ ಎಲ್ಲ ಬದಿಗೂ 5 ಸೆಂಟಿಮೀಟರಿನಷ್ಟಾದರೂ ಮೆತ್ತೆ ತುಂಬಬೇಕು. ಅಲುಗಾಡಿಸಿದರೆ ಒಳಗೆ ಸದ್ದಾಗಬಾರದು.

ಮೆತ್ತೆ ಮಾಡುವ ಕೆಲಸವೇನು? 1 ಮೀಟರ್ ಎತ್ತರದಿಂದ ಬಿದ್ದ ವಸ್ತು 1 ಮಿಲಿಮೀಟರಿನೊಳಗೆ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 1,000 ಪಟ್ಟು. ಮೆತ್ತೆ 2 ಸೆಂಟಿಮೀಟರ್ ಕುಗ್ಗಿ ತಡೆದರೆ ಸುಮಾರು 50 ಪಟ್ಟು ಮಾತ್ರ. ಕ್ರಿಕೆಟ್ ಆಟಗಾರ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಇದಕ್ಕೇ.

ಮನೆಯಲ್ಲೇ ಪರೀಕ್ಷಿಸಬಹುದು. ಹಿರಿಯರ ಅಪ್ಪಣೆ ಪಡೆದು ಒಂದು ಕೋಳಿಮೊಟ್ಟೆಯನ್ನು ಎರಡು ಪೆಟ್ಟಿಗೆಗಳೊಳಗೆ ಹಳೆಯ ಪತ್ರಿಕೆ ತುರುಕಿ ಇಡಿ, ಮೇಜಿನ ಎತ್ತರದಿಂದ ಬೀಳಿಸಿ. ಒಡೆದರೆ ಪತ್ರಿಕೆ ಎಲ್ಲಿ ಕಡಿಮೆಯಾಯಿತೆಂದು ಹುಡುಕಿ. ಮೊಟ್ಟೆಯಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ನೂರು ವರ್ಷದ ಗಾಜು ಸಿಗುವುದಿಲ್ಲ.