ಹೆಸರು ಉಜ್ಜಿ ಹಾಕಿದವರು ಯಾರು ಸ್ವಾಮಿ?

ಕೊಪ್ಪದ ಕಡೆ ಮುಂಗಾರಿಗೆ ಮುಂಚಿನ ಗುಡುಗು ಶುರುವಾಯ್ತು ಅಂದ್ರೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡಬೇಕು. ಒಂದು ಸಂಜೆ ಅಪ್ಪಯ್ಯ ಮರೆತರು. ಅವರು ತಾಳಮದ್ದಲೆ ಕೇಳುವ ಬ್ಲೂಟೂತ್ ಸ್ಪೀಕರ್ ಆಮೇಲೆ ಚಾರ್ಜೇ ಆಗಲಿಲ್ಲ. ಸರ್ವಿಸ್ ಸೆಂಟರ್‌ನವರದು ಒಂದೇ ಮಾತು: "ಬೋರ್ಡ್ ಬರಲ್ಲ ಸಾರ್, ಹೊಸದು ತಗೊಳ್ಳಿ."

ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಹಳೇ ರಿಪೇರಿಯವರು ಬಿಚ್ಚಿ, ಲೆನ್ಸ್ ಹಿಡಿದು ನೋಡಿ, "ಇದಕ್ಕೆ ಹೆಸರೇ ಇಲ್ಲ ಮಾರಾಯ" ಅಂದರು. ಇದೇ ಮನುಷ್ಯ ನಮ್ಮ ಟೇಪ್‌ರೆಕಾರ್ಡರ್‌ಗೆ 4440 ಐಸಿ ಹಾಕಿದ್ದನ್ನು ಪಕ್ಕದಲ್ಲಿ ಕೂತು ನೋಡಿದವನು ನಾನು. 14 ಕಾಲು, ಮೈಮೇಲೆ ದಪ್ಪಕ್ಷರದ ಹೆಸರು. ಸುಟ್ಟರೆ ಅಂಗಡಿಗೆ ಹೋಗಿ "4440 ಕೊಡಿ" ಅಂದರೆ ಮುಗೀತು.

ಈಗಿನದು 3 ಮಿಲಿಮೀಟರ್ ಉದ್ದದ, ಐದು ಕಾಲಿನ ಚುಕ್ಕೆ. ಅದರ ಮೇಲೆ ಪೂರ್ತಿ ಹೆಸರು ಹಿಡಿಸಲ್ಲ, ಒಪ್ಪಿದೆ. ಅದಕ್ಕೇ ಮೂರ್ನಾಲ್ಕು ಅಕ್ಷರದ ಸಂಕೇತ ಹಾಕ್ತಾರೆ: 'ಜೆ3ವೈ' ಅಂದರೆ 8050 ಟ್ರಾನ್ಸಿಸ್ಟರ್, 'ಎಲ್‌ಟಿಎಚ್7' ಅಂದರೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ 4054. ನಮ್ಮ ಚಿಪ್ಪಿನ ಮೇಲೆ ಅದೂ ಇಲ್ಲ. ಗೀರು ಮಾತ್ರ. ಉಜ್ಜಿದ್ದಾರೆ!

ಮಲ್ಟಿಮೀಟರ್ ಹಿಡಿದು ಒಂದು ಭಾನುವಾರ ಕೂತೆ. ಒಂದನೇ ಕಾಲು ಕೆಂಪು ಎಲ್‌ಇಡಿಗೆ, ಎರಡನೆಯದು ಗ್ರೌಂಡ್, ಮೂರು ಬ್ಯಾಟರಿಯ ಪ್ಲಸ್‌ಗೆ, ನಾಲ್ಕಕ್ಕೆ ಯುಎಸ್‌ಬಿಯ 5 ವೋಲ್ಟ್, ಐದರಿಂದ ಗ್ರೌಂಡ್‌ಗೆ 2 ಕಿಲೋ ಓಮ್ ರೆಸಿಸ್ಟರ್. 4054ರ ಲೆಕ್ಕದಲ್ಲಿ ಸಾವಿರವನ್ನು ಆ 2000ದಿಂದ ಭಾಗಿಸಿದರೆ ಅರ್ಧ ಆಂಪಿಯರ್ ಚಾರ್ಜಿಂಗ್ ಕರೆಂಟ್. ಎಲ್ಲ ಕೂಡಿ ಬಂತು. ಎಸ್.ಪಿ. ರೋಡಿನಿಂದ 4054 ತಂದು ಹಾಕಿದೆವು. ಮೀಟರ್ ಹಿಡಿದುಕೊಂಡೇ ಕಾದೆವು, 4.2 ವೋಲ್ಟ್‌ಗೆ ಚಾರ್ಜ್ ನಿಂತಿತು. ಕಾಲುಗಳ ಜೋಡಣೆಯಲ್ಲಿ ನನ್ನ ಊಹೆ ತಪ್ಪಿದ್ದರೆ ಆ 5 ವೋಲ್ಟ್ ನೇರ ಲಿಥಿಯಂ ಬ್ಯಾಟರಿಗೇ ನುಗ್ಗಬಹುದಿತ್ತು. ಬೆಂಕಿಯ ಮಾತು ಅದು, ತಮಾಷೆಯಲ್ಲ.

"ನಕಲು ಮಾಡಬಾರದು ಅಂತ ಉಜ್ಜೋದು" ಅಂತ ಆಫೀಸಿನ ಗೆಳೆಯ ಸಮರ್ಥಿಸಿದ. ಏನು ಕಥೆ ಗುರು ಇದು? ನಕಲು ಮಾಡುವ ಕಾರ್ಖಾನೆಗೆ ಲ್ಯಾಬ್ ಇದೆ, ಎಕ್ಸ್-ರೇ ಇದೆ. ನಾನು ಒಂದು ಭಾನುವಾರದಲ್ಲಿ ಕಂಡುಹಿಡಿದದ್ದನ್ನು ಅವರು ಟೀ ಕುಡಿಯೋದರೊಳಗೆ ಮಾಡ್ತಾರೆ. ಹಾಗಾದರೆ ಈ ಉಜ್ಜಾಟದಿಂದ ಸೋತವರು ಯಾರು? ದಿನಕ್ಕೆ ಹತ್ತು ಸೆಟ್ ನೋಡಿ ಹೊಟ್ಟೆ ಹೊರೆಯುವ ಆ ರಿಪೇರಿಯವರು. ಒಂದು ಸ್ಪೀಕರ್‌ಗೆ ಒಂದು ಭಾನುವಾರ ಕೊಡೋಕೆ ಅವರಿಗೇನು ನನ್ನ ಸಂಬಳ ಬರುತ್ತಾ?

ನಾವೂ ಕಮ್ಮಿ ಇಲ್ಲ ಬಿಡಿ. ಕೋಡ್‌ನಲ್ಲಿ ಒಂದು ವೇರಿಯಬಲ್‌ಗೆ ಸರಿಯಾದ ಹೆಸರಿಲ್ಲ ಅಂತ ರಿವ್ಯೂನಲ್ಲಿ ಅರ್ಧ ಗಂಟೆ ಜಗಳ ಆಡ್ತೀವಿ. ಮನೆಗೆ ಬಂದು, ಹೆಸರೇ ಇಲ್ಲದ ಬೋರ್ಡ್ ಕೆಟ್ಟರೆ ಕಸಕ್ಕೆ ಹಾಕಿ ಹೊಸದಕ್ಕೆ ಆರ್ಡರ್ ಒತ್ತುತ್ತೀವಿ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರುಮಾಡಿತು. ಮೊಬೈಲು, ಗೃಹೋಪಯೋಗಿ ಉಪಕರಣ, ವಾಹನ, ಕೃಷಿ ಯಂತ್ರ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದು. ಆದರೆ ಕಸ್ಟಮರ್ ಕೇರ್ ನಂಬರ್ ಇಟ್ಕೊಂಡು ರಿಪೇರಿಯವರು ಏನು ಬೆಸುಗೆ ಹಾಕಬೇಕು? ಬೇಕಿರೋದು ಒಂದೇ ಹಾಳೆ: ಬೋರ್ಡಿನ ಚಿತ್ರ, ಯಾವ ಜಾಗದಲ್ಲಿ ಯಾವ ಚಿಪ್ ಅನ್ನೋ ಪಟ್ಟಿ. ಅದನ್ನು ಕಾನೂನು ಮಾಡಿ ಕೊಡಿಸಿ. ಬಾಕಿದ್ದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ರಿಪೇರಿಯವರೇ ನೋಡ್ಕೋತಾರೆ.