ಸಾಕ್ಷಿಯ ಮಾತಿಗೆ ತಕ್ಕ ಯಂತ್ರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಇಂದು ಇಲ್ಲಿನ ನ್ಯಾಯಾಲಯಗಳಲ್ಲಿ ಕನ್ನಡವಿದೆ. ಆದರೂ ಸಾಕ್ಷಿಯ ಮಾತನ್ನು ನ್ಯಾಯಾಧೀಶರು ಸಂಗ್ರಹಿಸಿ ಹೇಳಿದಂತೆ ಬೆರಳಚ್ಚಿಸುವುದೇ ರೂಢಿ. ಕುಷ್ಟಗಿಯ ರೈತನ ‘ಹೊಂಟಿದ್ನಿ, ಮುಟ್ಟಲಿಲ್ರಿ’ ಎಂಬುದು ಕಡತದಲ್ಲಿ ‘ಹೋಗಿರಲಿಲ್ಲ’ ಎಂದಾದರೆ, ಮೇಲ್ಮನವಿಯಲ್ಲಿ ಬೆಲೆ ತೆರುವವನು ಅವನೇ.

1910ರ ದಶಕದಲ್ಲಿ ಅಮೆರಿಕದ ವಾರ್ಡ್ ಸ್ಟೋನ್ ಐರ್ಲೆಂಡ್ ರೂಪಿಸಿದ ಶೀಘ್ರಲಿಪಿ ಯಂತ್ರದಲ್ಲಿ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಉಚ್ಚಾರಾಂಶವೇ ದಾಖಲಾಗುತ್ತದೆ. ಬೆರಳಚ್ಚು ಯಂತ್ರದಲ್ಲಿ ‘ಸ್ತ್ರೀ’ ಎಂದು ಮೂಡಿಸಲು ಒಂದೊಂದೇ ಕೀಲಿ ಒತ್ತಿ ದಣಿದ ಕನ್ನಡಕ್ಕೆ ಇದಕ್ಕಿಂತ ಒಗ್ಗುವ ಉಪಾಯ ಯಾವುದು? ಧ್ವನಿಮುದ್ರಣ ಸಾಲದೇ ಎನ್ನುವವರುಂಟು; ಆದರೆ ಸಾಕ್ಷಿಗೆ ಓದಿ ಹೇಳಿ ಸಹಿ ಪಡೆಯಬೇಕಾದದ್ದು ಲಿಖಿತ ಹೇಳಿಕೆಗೆ. ಗಣಕದ ಕೀಲಿಮಣೆಯನ್ನೇ ಶೀಘ್ರಲಿಪಿಗೆ ಒಗ್ಗಿಸುವ ‘ಪ್ಲೋವರ್’ ತಂತ್ರಾಂಶ ಉಚಿತವಾಗಿ ಲಭ್ಯ. ಅದನ್ನು ಕನ್ನಡಕ್ಕೆ ಅಳವಡಿಸಿ, ಮೊದಲ ಪ್ರಯೋಗವನ್ನು ಸರ್ಕಾರ ಕೊಪ್ಪಳದಲ್ಲೇ ನಡೆಸಲಿ.